ಚೀನಾದ ಇಂಜಿನ್, ನಮ್ಮ ಅಲಗು

ಮಧ್ಯಾಹ್ನದ ಊಟವಾದ ಮೇಲೆ ಮೈದುನನಿಗೆ ಚೀನಾದ ಯುದ್ಧವಿಮಾನಗಳ ಇಂಜಿನ್ ಬಗ್ಗೆ ಓದಿ ಹೇಳುವುದು ಆ ವರ್ಷ ನನ್ನ ಕೆಲಸವಾಗಿತ್ತು. ಅವನು ವಾಯುಸೇನೆಯಲ್ಲಿ ಇಂಜಿನ್ ಬಿಚ್ಚಿ ಜೋಡಿಸುವ ಕೆಲಸ ಮಾಡಿ, ನಿವೃತ್ತನಾಗಿ ಸವಣೂರಿನ ನಮ್ಮ ಮನೆಗೆ ಬಂದಿದ್ದ. ಕಣ್ಣಿನ ಆಪರೇಶನ್ ಆದಾಗಿನಿಂದ ಮೊಬೈಲಿನ ಸಣ್ಣ ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಇಂಥದ್ದಕ್ಕೂ ಒದಗುತ್ತದೆ ಎಂದು ನಾನು ಎಣಿಸಿರಲಿಲ್ಲ. ನಾನು ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವನು ವೀಳ್ಯದೆಲೆಯ ನಾರು ತೆಗೆಯುತ್ತ ಕೇಳುತ್ತಿದ್ದ.

ಆ ದೇಶದವರು ವರ್ಷಗಟ್ಟಲೆ ರಷ್ಯಾದ ಇಂಜಿನ್ ತಂದು ತಮ್ಮ ವಿಮಾನಗಳಿಗೆ ಹಾಕಿದರಂತೆ. ಬಿಚ್ಚಿದರು, ಅಳೆದರು, ತಾವೂ ಮಾಡಿದರು. ಆಕಾರ ಬಂತು, ಬಾಳಿಕೆ ಬರಲಿಲ್ಲ. ಇಂಜಿನ್ನಿನ ಒಳಗೆ ತಿರುಗುವ ಅಲಗುಗಳ ಮೇಲೆ ಹಾಯುವ ಬೆಂಕಿ, ಆ ಲೋಹವೇ ಕರಗಿಹೋಗುವಷ್ಟು ಬಿಸಿ. ಅಲಗಿನೊಳಗೆ ಸೂಜಿ ತೂತಿನಂಥ ದಾರಿ ಕೊರೆದು ಗಾಳಿ ಹಾಯಿಸಿ ಅದನ್ನು ಉಳಿಸಿಕೊಳ್ಳಬೇಕು. ಒಂದು ಚೆನ್ನಾಗಿ ಬಂದರೆ ಸಾಲದು, ಸಾವಿರ ಮಾಡಿದರೂ ಅಷ್ಟೂ ಹಾಗೇ ಬರಬೇಕು. ಈಗ ತಮ್ಮದೇ ಇಂಜಿನ್ ಹಾರಿಸುತ್ತಿದ್ದಾರಾದರೂ ಅವರ ಮೊದಲ ಚಿಂತೆ ಬಾಳಿಕೆಯದೇ. ಒಂದು ಅಲಗು ಕಿತ್ತುಬಂದರೆ ಅದು ಪಕ್ಕದವನ್ನೆಲ್ಲ ಕಡಿಯುತ್ತ, ಇಂಜಿನ್ನಿನ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತದೆ ಎಂದು ಮೈದುನ ಹೇಳಿದ್ದ.

"ಬಿಚ್ಚಿದ್ರ ಅಳತಿ ಸಿಗತೈತ್ರಿ ವೈನಿ. ಎಷ್ಟು ಕಾಸ್ಯಾರ, ಹೆಂಗ ಆರಿಸ್ಯಾರ, ಅದು ಅದರ ಮ್ಯಾಲೆ ಎಲ್ಲಿ ಬರದಿರ್ತೈತಿ?"

ಹಿತ್ತಲಿನ ವರ್ಕ್‌ಶಾಪಿನಲ್ಲಿ ನಮ್ಮ ಮನೆಯವರೂ ಆಗ ಅದನ್ನೇ ಮಾಡುತ್ತಿದ್ದರು. ಚೀನಾದಿಂದ ಬಂದ ಮೇವು ಕತ್ತರಿಸುವ ಯಂತ್ರವೊಂದನ್ನು ಹುಬ್ಬಳ್ಳಿಯಿಂದ ತಂದು, ಬಿಚ್ಚಿ, ಅಂಥವೇ ಎರಡು ಮಾಡಿದರು. ಅಲಗಿಗೆ ಹಳೆ ಲಾರಿಗಳ ಸ್ಪ್ರಿಂಗಿನ ಕಮಾನ್ ಪಟ್ಟಿ ಕತ್ತರಿಸಿ, ಚಕ್ರಕ್ಕೆ ವೆಲ್ಡಿಂಗ್ ಮಾಡಿ ಕೂಡಿಸಿದರು. ವೆಲ್ಡಿಂಗ್ ಆದಮೇಲೆ ಬೂದಿಯಲ್ಲಿ ಹೂತು ನಿಧಾನ ಆರಲು ಬಿಡಬೇಕು, ಯಾರೂ ಹತ್ತಿರ ನಿಲ್ಲದೆ ದಿನಗಟ್ಟಲೆ ಓಡಿಸಿ ನೋಡಬೇಕು ಎಂದು ಮೈದುನ ಹೇಳಿದ.

"ನಿನ್ನ ವಿಮಾನ ಅಲ್ಲೋ ತಮ್ಮಾ ಇದು," ಎಂದರು ಇವರು. "ಎಮ್ಮಿಗೆ ಮೇವು ಹಾಕೂದು."

ವರ್ಕ್‌ಶಾಪ್ ಶುರುಮಾಡಿದ ನಮ್ಮ ಮಾವ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದವರು. ಕೆಂಪಗೆ ಕಾಯಿಸಿದ ಪಟ್ಟಿಯನ್ನು ಗಾಲಿಗೆ ತೊಡಿಸಿ ನೀರು ಸುರಿದರೆ ಅದು ಕುಗ್ಗಿ ಬಿಗಿಯಾಗುತ್ತದೆ. ಮೊದಲ ನೀರು ಮನೆಯ ಸೊಸೆ ಹಾಕಬೇಕು. ಚಕ್ಕಡಿಗಳು ಹೋದರೂ ಅತ್ತೆ ಆ ಪದ್ಧತಿ ಬಿಟ್ಟಿರಲಿಲ್ಲ. ಮೈದುನ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋದ ದಿನ ಎರಡೂ ಚಕ್ರಗಳ ವೆಲ್ಡಿಂಗ್ ಮುಗಿಯಿತು. ಅತ್ತೆ ಕರೆದರು. ಬೆಸುಗೆ ಇನ್ನೂ ಕೆಂಪಗಿತ್ತು. ತಾಮ್ರದ ತಂಬಿಗೆಯಿಂದ ನಾನು ಎರಡಕ್ಕೂ ನೀರು ಹಾಕಿದೆ. ಉಗಿಯ ಸದ್ದಿನ ನಡುವೆ ಗಾಜಿನ ಬಳೆ ಬಿರುಕು ಬಿಟ್ಟಂಥ ಸಣ್ಣ ಸಪ್ಪಳ ಬಂತು. ಆಮೇಲೆ ಒಂದು ಅಲಗಿನ ಬುಡದಲ್ಲಿ ಕೂದಲಿನಂಥ ಗೆರೆ ಕಂಡಿತು. ನನ್ನದೇ ಕೂದಲಿರಬೇಕೆಂದು ಸೆರಗಿನಿಂದ ಒರೆಸಿದೆ. ಅದು ಹೋಗಲಿಲ್ಲ. ಗಂಡಸರ ಕೆಲಸ, ನಾನೇನು ಹೇಳುವುದು ಎಂದು ಸುಮ್ಮನಾದೆ.

ಒಂದು ಯಂತ್ರ ಮರುದಿನವೇ ಮಾಸೂರಿನ ರೈತನೊಬ್ಬನ ಮನೆಗೆ ಹೋಯಿತು. ಇನ್ನೊಂದನ್ನು ವಾರದ ನಂತರ ವರ್ಕ್‌ಶಾಪಿನಲ್ಲಿ ಚಾಲೂ ಮಾಡಿದರು. ನಾನು ಚಹಾ ಹಿಡಿದು ಬಾಗಿಲಲ್ಲಿದ್ದೆ. ಇವರನ್ನು ದೂರ ಕರೆಯಲು ಮೈದುನ ಯಂತ್ರದ ಹತ್ತಿರ ಹೋಗಿದ್ದ. ಬಂದೂಕು ಹಾರಿದಂತಾಯಿತು. ಮೈದುನನ ಕೆನ್ನೆ ಕಿವಿಯವರೆಗೆ ಬಾಯಿ ತೆರೆಯಿತು. ಒಳಗಿನ ಹಲ್ಲು ನನಗೆ ಕಂಡಿತು. ಅಲಗು ತಗಡಿನ ಗೋಡೆ ಸೀಳಿ ಹೋಗಿತ್ತು. ಆಚೆ ಕಟ್ಟಿದ್ದ ಎಮ್ಮೆ ಮೊಣಕಾಲೂರಿ ಕುಸಿದಿತ್ತು, ಕುತ್ತಿಗೆಯಿಂದ ರಕ್ತ ಬುಗ್ಗೆಯಂತೆ ಬರುತ್ತಿತ್ತು. ಅದರ ಬಾಯಲ್ಲಿ ಮೆಕ್ಕೆಜೋಳದ ಗರಿ ಇನ್ನೂ ಅರ್ಧ ಇತ್ತು.

ಅಪಶಕುನ ನುಡಿದು ನುಡಿದು ನೀನೇ ಇದನ್ನು ತಂದೆ ಎಂದು ಇವರು ತಮ್ಮನ ಆ ಗಾಯದ ಮುಖಕ್ಕೇ ಹೊಡೆದರು. ಅವನು ತಿರುಗಿ ಹೊಡೆಯಲಿಲ್ಲ. ಟವೆಲ್ ಒತ್ತಿಕೊಂಡು ಚಕ್ರದ ಹತ್ತಿರ ಕುಕ್ಕರಿಸಿ, ಮುರಿದ ಜಾಗ ನೋಡಿದ. ಅರ್ಧ ಬೆಳ್ಳಿಯಂತೆ ಹೊಳೆಯುತ್ತಿತ್ತು, ಅರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. ಆ ಅರ್ಧ ಮೊದಲೇ ಒಡೆದಿತ್ತು.

"ಕಾದದ್ದಕ್ಕ ನೀರು ಯಾರು ಹಾಕಿದ್ರಿ?"

"ನಾನು."

"ಮಾಸೂರಿನದಕ್ಕ?"

"ಅದಕ್ಕೂ."

ಇವರು ಫೋನ್ ಮಾಡಿದರು. ಯಂತ್ರದ ಗದ್ದಲದಲ್ಲಿ ಆ ರೈತನಿಗೆ ಏನೂ ಕೇಳಿಸಲಿಲ್ಲ. ಚಲೋ ನಡೆದಿದೆ ಎಂದು ಕೂಗಿ ಇಟ್ಟುಬಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮೂವರೂ ಪಿಕಪ್ ಗಾಡಿ ಹತ್ತಿದೆವು. ದಾರಿಯಲ್ಲಿ ಆಸ್ಪತ್ರೆಗೆ ಇಳಿಯಲು ಮೈದುನ ಒಪ್ಪಲಿಲ್ಲ. ಅವನ ಕೆನ್ನೆಗೆ ಟವೆಲ್ ಹಿಡಿದು ಕುಳಿತೆ. ರಟ್ಟೀಹಳ್ಳಿ ದಾಟುವಾಗ ನನ್ನ ಬೆರಳುಗಳು ಒಂದಕ್ಕೊಂದು ಅಂಟಿದ್ದವು.

ಮಾಸೂರಿನ ಆ ಅಂಗಳದಲ್ಲಿ ಯಂತ್ರ ತಿರುಗುತ್ತಿತ್ತು. ರೈತನ ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿ, ಅದರ ಬಾಯಿಗೆ ದಂಟು ತುರುಕುತ್ತಿದ್ದಳು. ಇವರು ಕೂಗಿದ್ದು ಯಾರಿಗೂ ಕೇಳಲಿಲ್ಲ. ಮೈದುನ ಓಡಿಹೋಗಿ ಅವಳನ್ನು ಆಚೆ ತಳ್ಳಿ ಸ್ವಿಚ್ಚು ಎಳೆದ. ರಕ್ತದ ಮುಖದ ಗಂಡಸೊಬ್ಬ ಹೆಂಡತಿಯ ಮೈಮೇಲೆ ಬಿದ್ದನೆಂದು ರೈತ ಬಡಿಗೆ ತೆಗೆದುಕೊಂಡ. ಮೊದಲ ಏಟು ಭುಜಕ್ಕೆ, ಎರಡನೆಯದು ಬೆನ್ನಿಗೆ. ಮೈದುನ ನೆಲಕ್ಕೆ ಬಿದ್ದರೂ ಸ್ವಿಚ್ಚಿನ ವಾಯರು ಬಿಡಲಿಲ್ಲ. ಮೂರನೆಯ ಏಟನ್ನು ಇವರು ನಡುವೆ ನುಗ್ಗಿ ತಮ್ಮದೇ ತಲೆಗೆ ತೆಗೆದುಕೊಂಡರು.

ಆಮೇಲೆ ಇವರು ಗಾಡಿಯಿಂದ ಸುತ್ತಿಗೆ ತಂದರು. ಚಕ್ರ ನಿಂತಿತ್ತು. ಅಲಗಿನ ಮೇಲೆ ಒಂದು ಏಟು ಹಾಕಿದರು. ಅಷ್ಟು ದಪ್ಪ ಕಬ್ಬಿಣ ಹಪ್ಪಳದಂತೆ ಮುರಿದು ರೈತನ ಕಾಲ ಬಳಿ ಬಿತ್ತು. ಎರಡನೆಯ ಅಲಗೂ ಒಂದೇ ಏಟಿಗೆ ಹೋಯಿತು. ರೈತನ ಬಡಿಗೆ ತಾನಾಗಿ ಕೆಳಗಿಳಿಯಿತು.

ಹೆಂಡತಿ ಮುರಿದ ತುಂಡನ್ನು ಎತ್ತಿ ತಿರುಗಿಸಿ ನೋಡಿದಳು. ಇದು ಹೀಗಿರುವುದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದಳು. ಗಂಡಸರಿಬ್ಬರಿಗೂ ಗೊತ್ತಿರಲಿಲ್ಲ, ಗೆರೆ ಕಂಡವಳು ನಾನು ಎಂದೆ. ಕಂಡೂ ಹೇಳಲಿಲ್ಲ ಎಂದೂ ಹೇಳಿದೆ.

ಅವಳು ನೇರ ನನ್ನ ಹತ್ತಿರ ಬಂದು ಕಪಾಳಕ್ಕೆ ಹೊಡೆದಳು. ಅಂಗೈಯಲ್ಲಿ ಹಸಿ ದಂಟಿನ ವಾಸನೆಯಿತ್ತು. ನನ್ನ ತುಟಿ ಒಡೆಯಿತು.

"ಮುಂಜಾನಿಂದ ಇಲ್ಲಿ ನಿಂತಾಕಿ ನನ್ನ ಮಗಳು," ಎಂದಳು. "ಈಗಷ್ಟ ಸಾಲಿಗೆ ಹೋಗ್ಯಾಳ."

ಮತ್ತೆ ಕೈ ಎತ್ತಿದಳು. ಇವರು ಒಂದು ಹೆಜ್ಜೆ ಮುಂದೆ ಬಂದರು. ಬೇಡವೆಂದು ಇವರ ಎದೆಗೆ ಕೈಯಿಟ್ಟು ತಡೆದವಳು ನಾನೇ.