ಕೆರೆ ಕಡೆಯಿಂದ ಬಂದರೆ ಸಾಕು

ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸರಸಮ್ಮನಿಗೆ ನೆಲಕ್ಕೆ ನೀರು ಹಾಕುವ ಕೆಲಸ. ಎಂ.ಡಿ. ಸಾಹೇಬರಿಗೆ ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂರಲು ಪುರುಸೊತ್ತಿಲ್ಲ. ವಿಮಾನದಿಂದ ಇಳಿದವರೇ ಹೆಲಿಕಾಪ್ಟರ್ ಹತ್ತಿ ಬಂದುಬಿಡುತ್ತಾರೆ. ಅದು ಇಳಿಯುವಾಗ ಧೂಳು ಏಳಬಾರದೆಂದು ಹೆಲಿಪ್ಯಾಡಿನ ಸುತ್ತಲ ಮಣ್ಣನ್ನು ಆಕೆ ಪೈಪು ಹಿಡಿದು ನೆನೆಸಬೇಕು. ನೆನೆಸಿದ್ದು ಬಿಸಿಲಿಗೆ ಒಣಗುತ್ತದೆ, ಸಾಹೇಬರು ತಡ ಮಾಡುತ್ತಾರೆ, ಆಕೆ ಮತ್ತೆ ನೆನೆಸುತ್ತಾಳೆ. ಐವತ್ತು ದಾಟಿದ ಸೊಂಟ ಸಂಜೆಯಾದರೆ ಮಾತು ಕೇಳುವುದಿಲ್ಲ.

ಅದಕ್ಕಿಂತ ಹೆಚ್ಚು ಆಕೆಯನ್ನು ದಣಿಸಿದ್ದು ಕುರಿಗಳ ಚಿಂತೆ. ಗಂಡ ಪುಟ್ಟಲಿಂಗಯ್ಯ ಕಾಂಪೌಂಡಿನಾಚೆಯ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದ. ಹೆಲಿಕಾಪ್ಟರ್ ತಲೆಯ ಮೇಲೇ ಇಳಿದು ಬಂದಾಗ ಕುರಿಗಳು ದಿಕ್ಕಾಪಾಲಾಗಿ ಓಡಿ ಮುಳ್ಳುಬೇಲಿಗೆ ಬೀಳುತ್ತಿದ್ದವು. ಆ ಬೇಸಿಗೆಯಲ್ಲಿ ಗಬ್ಬದ ಕುರಿಯೊಂದು ದಿನ ತುಂಬುವ ಮೊದಲೇ ಕಂದು ಹಾಕಿತು. ಬೀಳಿನ ಬದಲು ಕೆರೆಯ ಕಡೆಯಿಂದ ಬರಲು ಪೈಲಟ್‌ಗೆ ಹೇಳಪ್ಪ ಎಂದು ಆಕೆ ಸೂಪರ್‌ವೈಸರ್ ಬಾಲರಾಜುವನ್ನು ಕೇಳಿ ನೋಡಿದಳು. ಅದೆಲ್ಲ ತನ್ನ ಕೈಲಿಲ್ಲ ಅಂದ.

ಒಂದು ಮಧ್ಯಾಹ್ನ ಮೋಡ ಕವಿದು ಹೆಲಿಕಾಪ್ಟರಿಗೆ ಮೇಲೇಳಲಾಗಲಿಲ್ಲ. ಸಾಹೇಬರು ಬೇವಿನ ಮರದ ಕೆಳಗೆ ಆಕೆಯ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕುಳಿತರು. ಬೆಳಿಗ್ಗೆ ಒಂದು ಊರಿನಲ್ಲಿ ಎದ್ದು ರಾತ್ರಿ ಇನ್ನೊಂದರಲ್ಲಿ ಮಲಗುವ ಮನುಷ್ಯ, ಕಣ್ಣು ಕೆಂಪಾಗಿದ್ದವು. ನೀರು ಕೇಳಿದರು. ಚೊಂಬು ಕೊಟ್ಟ ಸರಸಮ್ಮ ಧೈರ್ಯ ಮಾಡಿ ಬಾಯಿಬಿಟ್ಟಳು.

“ಸಾ, ನಮ್ ಕುರಿ ಆ ಬೀಳಲ್ಲಿ ಮೇಯ್ತವೆ. ಸದ್ದಿಗೆ ಬೆದರಿ ಗಬ್ಬದ್ದು ಒಂದು ಕಂದಾಕ್ಬುಡ್ತು. ಒಸಿ ಕೆರೆ ಕಡೆಯಿಂದ ಬಂದ್ರೆ ಆಗಕಿಲ್ವಾ?”

“ಇಷ್ಟೇ ತಾನೇ ಅಮ್ಮಾ?” ಎಂದ ಸಾಹೇಬರು ಪೈಲಟ್‌ನನ್ನು ಕರೆದು ಹೇಳಿದರು. ಗಾಳಿ ನೋಡಿಕೊಂಡು ಹಾಗೇ ಮಾಡುತ್ತೇನೆಂದು ಆತ ಒಪ್ಪಿದ.

ಮಳೆಗಾಲ ಮುಗಿಯುವವರೆಗೂ ಹೆಲಿಕಾಪ್ಟರ್ ಕೆರೆಯ ಮೇಲಿಂದಲೇ ಬಂತು. ನಮ್ಮವಳು ಎಂ.ಡಿ.ಗೇ ಹೇಳಿದಳು ಎಂದು ಪುಟ್ಟಲಿಂಗಯ್ಯ ಕಂಡಕಂಡವರಿಗೆಲ್ಲ ಹೇಳಿಕೊಂಡ. ಆಮೇಲೆ ಆ ಸಾಹೇಬರು ಬೇರೆ ಕಂಪನಿಗೆ ಹೋದರು. ಹೊಸಬರು ಬಂದರು, ಪೈಲಟ್ ಕೂಡ ಹೊಸಬ. ಸದ್ದು ಮತ್ತೆ ಬೀಳಿನ ಮೇಲೆ.

ಸರಸಮ್ಮ ಇನ್ನೊಮ್ಮೆ ಪ್ರಯತ್ನಪಟ್ಟಳು. ಹೊಸ ಸಾಹೇಬರು ಹೊರಡುವ ಹೊತ್ತಿಗೆ ಪೈಪು ಕೆಳಗಿಟ್ಟು ಅವರೆದುರು ಹೋದಳು. ಫೋನಿನಲ್ಲಿ ಮಾತಾಡುತ್ತಿದ್ದ ಅವರಿಗೆ ಈಕೆಯ ಮಾತು ಕಿವಿಗೆ ಬೀಳಲಿಲ್ಲ. ಆಕೆ ಹೆಲಿಕಾಪ್ಟರಿನ ಕಡೆ ಕೈ ತೋರಿಸಿದ್ದು ಕಂಡು, ಪಾಪ, ಫೋಟೋ ಬೇಕೇನೋ ಎಂದುಕೊಂಡು ನಗುತ್ತ ಪಕ್ಕದಲ್ಲಿ ನಿಂತರು. ಬಾಲರಾಜು ಮೊಬೈಲಿನಲ್ಲಿ ತೆಗೆದ. ಸಾಹೇಬರು ಬೆನ್ನು ತಟ್ಟಿ ಹತ್ತಿ ಹೋದರು.

ಸಂಜೆ ಗಂಡ ಏನಾಯಿತೆಂದು ಕೇಳಿದ.

“ಪಟ ತೆಗೆಸ್ಕಂಡ್ ಬಂದೆ,” ಎಂದಳು. “ಇನ್ ನನ್ ಕೈಲಾಗಕಿಲ್ಲ.”

ಪುಟ್ಟಲಿಂಗಯ್ಯ ಆ ವಾರವೇ ಕುರಿಗಳನ್ನು ಮಾಗಡಿ ಕಡೆಯ ಗುಡೇಮಾರನಹಳ್ಳಿಗೆ, ತನ್ನ ತಮ್ಮ ಮುತ್ತುರಾಜುವಿನ ಹೊಲಕ್ಕೆ ಹೊಡೆದುಕೊಂಡು ಹೋದ. ಕುರಿಗಳ ಜೊತೆ ಅವನೂ ಅಲ್ಲೇ ಉಳಿದ. ಬಿಡುವಾದಾಗ ಬಸ್ಸು ಹತ್ತಿ ಬರುತ್ತಾನೆ. ಯಾವ ಕುರಿ ಎಂಥ ಮರಿ ಹಾಕಿತು, ಯಾವುದಕ್ಕೆ ಹಾಲು ಸಾಲದು, ಎಲ್ಲ ಹೇಳುತ್ತಾನೆ. ಹ್ಞೂಂಗುಟ್ಟುತ್ತಲೇ ಸರಸಮ್ಮ ಗೋಡೆಗೊರಗಿ ನಿದ್ದೆ ಹೋಗಿಬಿಡುತ್ತಾಳೆ.