ಮಳಿಗೆಯಲ್ಲಿ ನಿಂತು ಬೇಡ ಎಂದವರು

ವ್ಯಾನಿನಲ್ಲಿ ಚಾಲಕನ ಪಕ್ಕದ ಸೀಟಿನ ಮುಂದೆ, ಟೂರಕ್ಕನ ಬಲಗಾಲು ಇರುತ್ತಿದ್ದ ಜಾಗದಲ್ಲಿ, ರಬ್ಬರ್ ಹಾಸು ಹಿಮ್ಮಡಿಯ ಆಕಾರಕ್ಕೆ ಸವೆದು ತೂತಾಗಿತ್ತು. ಅಲ್ಲಿ ಬ್ರೇಕ್ ಇರಲಿಲ್ಲ. ಆದರೂ ಎದುರಿಗೆ ಭತ್ತದ ಲಾರಿ ಕಂಡಾಗಲೆಲ್ಲ, ಎಮ್ಮೆ ಅಡ್ಡ ಬಂದಾಗಲೆಲ್ಲ, ಅವರು ಉಸಿರು ಬಿಗಿಹಿಡಿದು ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು.

“ಅಕ್ಕಾ, ಬ್ರೇಕು ನನ್ ಕಡೀಗೆ ಐತ್ರಿ. ಹಿಂಗಾ ಒತ್ತಿದ್ರ ಒಂದಿನ ನಿಮ್ ಕಾಲು ಸೀದಾ ರೋಡಿಗೇ ಇಳೀತೈತಿ,” ಎಂದು ಚಾಲಕ ಚಾಚಾ ನಗುತ್ತಿದ್ದ.

“ನಿನ್ನ ಬ್ರೇಕು ನಿನಗ, ನನ್ನ ಬ್ರೇಕು ನನಗ. ಮುಂದ ನೋಡಪಾ ಚಾಚಾ!”

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವರದು ನಮ್ಮ ಎದುರು ಮನೆ. ಓಣಿಗೆಲ್ಲ ಅವರು ಟೂರಕ್ಕ. ಒಂದು ವ್ಯಾನು, ಒಬ್ಬ ಚಾಚಾ, ಒಂದೇ ದಿನದ ಪ್ರವಾಸ: ಬೆಳಿಗ್ಗೆ ಬಳ್ಳಾರಿಯ ಕೋಟೆ, ಮಧ್ಯಾಹ್ನ ಕುರುಗೋಡಿನ ದೊಡ್ಡ ಬಸವಣ್ಣನ ಗುಡಿ, ಸಂಜೆ ಸಿರುಗುಪ್ಪದ ಬಳಿ ತುಂಗಭದ್ರೆಯ ಮೇಲೆ ಹರಿಗೋಲಿನ ಒಂದು ಸುತ್ತು. ಎಂ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನನ್ನನ್ನು ಕರೆದು, ಪ್ರವಾಸಿಗರಿಗೆ ಇತಿಹಾಸ ಹೇಳುವ ಹೊಣೆ ಒಪ್ಪಿಸಿದ್ದರು. ನಾನು ಕೋಟೆಯ ಮೆಟ್ಟಿಲ ಮೇಲೆ ಪಾಳೆಯಗಾರರ ಕಥೆ ಹೇಳುತ್ತಿದ್ದರೆ, ಅವರು ಗೋಡೆಯಂಚಿಗೆ ನಡೆದವರ ಹಿಂದೆ ಓಡುತ್ತಿದ್ದರು. “ಕಥಿ ಆಮ್ಯಾಲ ಹೇಳು, ಮೊದ್ಲ ಆ ಹುಡುಗಿನ್ನ ಈ ಕಡಿ ಕರಿ!”

ಅವರ ಅಂಜಿಕೆ ಓಣಿಯಲ್ಲಿ ನಗೆಯ ವಸ್ತುವಾಗಿತ್ತು. ಆದರೆ ಅದಕ್ಕೊಂದು ಶಿಸ್ತಿತ್ತು. ಅಣೆಕಟ್ಟಿನ ಗೇಟು ತೆರೆದ ಸುದ್ದಿ ಬಂದರೆ, ಹೊಳೆಯ ನೀರು ಕೆಂಪಾದರೆ, ಹರಿಗೋಲು ಬಂದ್. ಎಷ್ಟೇ ಗೋಗರೆದರೂ ಅವರ ಉತ್ತರ ಒಂದೇ: “ನನಗ ಅಂಜಿಕಿ ಆಗೇತಿ ಅಂದ್ರ ಆಗೇತಿ. ಯಾಕಂತ ದಂಡಿ ಮ್ಯಾಲ ಕುಂತು ಹೇಳ್ತೀನಿ.”

ಬೆಂಗಳೂರಿನಲ್ಲಿ ವರ್ಷವರ್ಷವೂ ನಡೆಯುವ ಪ್ರವಾಸೋದ್ಯಮ ಮೇಳದಲ್ಲಿ ಮಳಿಗೆ ಹಾಕೋಣವೆಂದು ನಾನು ಎಷ್ಟೋ ಸಲ ಹೇಳಿದ್ದೆ. ಹತ್ತಾರು ಊರಿನ ಏಜೆಂಟರು, ಶಾಲೆಗಳವರು, ಕಂಪನಿಗಳವರು ಒಂದೇ ಸೂರಿನಡಿ ಸಿಗುತ್ತಾರೆ ಎಂದು ವಾದಿಸಿದ್ದೆ. “ಅಷ್ಟು ಮಂದ್ಯಾಗ ನಾನು ನಿಂದ್ರಾಂಗಿಲ್ಲ. ಎದಿ ಒಡೀತೈತಿ,” ಎಂದು ಮಾತು ಮುಗಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಮೊಬೈಲಿಗೆ ಯಾರೋ ಒಂದು ಜಾಹೀರಾತು ಕಳುಹಿಸಿದರು. ರಾಜಧಾನಿಯ ದೊಡ್ಡ ಸಂಸ್ಥೆಯದು. ‘ಮಳೆಗಾಲದ ರೋಮಾಂಚನ: ಉಕ್ಕುವ ತುಂಗಭದ್ರೆಯಲ್ಲಿ ಹರಿಗೋಲು.’ ಅದರಡಿ ಇದ್ದ ಚಿತ್ರ ನಮ್ಮದೇ ಪ್ರವಾಸದ್ದು, ಚಳಿಗಾಲದ ತಿಳಿನೀರಿನಲ್ಲಿ ತೆಗೆದದ್ದು. ಟೂರಕ್ಕ ಮೊಬೈಲನ್ನು ನನ್ನ ಮುಂದೆ ಹಿಡಿದರು.

“ಇವ್ರು ಹೊಳಿ ನೋಡ್ಯಾರೇನು?”

“ನೋಡಿದಂತೆ ಕಾಣುವುದಿಲ್ಲ.”

“ಹಂಗಾರ ಇದನ್ನ ಕೊಳ್ಳೋರಿಗೆ ಹೇಳೋರು ಯಾರು?” ಜಾಹೀರಾತನ್ನು ಇನ್ನೊಮ್ಮೆ ನೋಡಿ, “ಆ ಮೇಳದಾಗ ಒಂದು ಮೂಲಿ ಸಿಗತೈತೇನು ನೋಡು,” ಎಂದರು.

ಮೇಳದ ಮೊದಲ ದಿನ ಅವರು ಮಳಿಗೆಯ ಹಿಂದಿನ ಪರದೆಗೆ ಒರಗಿ ನಡುಗುತ್ತಿದ್ದರು. ಕಣ್ಣು ಕುಕ್ಕುವ ದೀಪಗಳು, ಕಿವಿ ತುಂಬುವ ಸಂಗೀತ, ಎದುರು ಸಾಲಿನಲ್ಲಿ ಆ ದೊಡ್ಡ ಸಂಸ್ಥೆಯ ಮನೆಯಷ್ಟು ಎತ್ತರದ ಮಳಿಗೆ. ಆದರೆ ಯಾರಾದರೂ ಬಂದು ಹೊಳೆಯ ಹೆಸರೆತ್ತಿದರೆ ಸಾಕು, ನಡುಗುತ್ತಲೇ ಮುಂದೆ ಬರುತ್ತಿದ್ದರು. “ಕೋಟಿ ತೋರಸ್ತೀವಿ, ಬಸವಣ್ಣನ್ನ ತೋರಸ್ತೀವಿ. ಮಳಿಗಾಲದಾಗ ಹೊಳಿ ಬ್ಯಾಡ್ರಿ. ನಾವೂ ಇಳ್ಸಾಂಗಿಲ್ಲ, ಯಾರು ಇಳಸ್ತೀವಿ ಅಂದ್ರೂ ಇಳೀಬ್ಯಾಡ್ರಿ.”

ಪಕ್ಕದ ಮಳಿಗೆಯವನು ನಕ್ಕ. “ಏನಮ್ಮಾ, ಬಾಡಿಗೆ ಕೊಟ್ಟು ಬಂದು ಗಿರಾಕಿಗಳನ್ನ ಓಡಿಸ್ತಿದೀರಲ್ಲ!”

ತುಮಕೂರಿನ ಕಡೆಯ ಶಾಲಾ ಶಿಕ್ಷಕಿಯೊಬ್ಬರು ಬಹಳ ಹೊತ್ತು ನಿಂತು ಕೇಳಿದರು. ಫೋನ್ ನಂಬರಿದ್ದ ನಮ್ಮ ಚೀಟಿಯನ್ನೂ ತೆಗೆದುಕೊಂಡರು. ಆದರೆ ಅವರ ಆಡಳಿತ ಮಂಡಳಿಗೆ ರೋಮಾಂಚನವೇ ಬೇಕಿತ್ತು. ಅವರು ಎದುರಿನ ಮಳಿಗೆಯತ್ತ ನಡೆದದ್ದನ್ನು ನಾವಿಬ್ಬರೂ ನೋಡಿದೆವು.

ಆ ಮಳೆಗಾಲದ ಒಂದು ಮಧ್ಯಾಹ್ನ, ಟೂರಕ್ಕನ ಪಡಸಾಲೆಯಲ್ಲಿ ನಾವು ಚಹಾ ಕುಡಿಯುತ್ತಿದ್ದಾಗ ಅವರ ಮೊಬೈಲ್ ರಿಂಗಣಿಸಿತು. ಸ್ಪೀಕರಿನಲ್ಲಿ ಮೊದಲು ಕೇಳಿದ್ದು ನೀರಿನ ಮೊರೆತ. ಆಮೇಲೆ ಆ ಶಿಕ್ಷಕಿಯ ದನಿ.

“ಅಮ್ಮಾ, ಮೇಳದಲ್ಲಿ ಸಿಕ್ಕಿದ್ದೆ, ನೆನಪಿದೆಯಾ? ಸಿರುಗುಪ್ಪದ ಹತ್ತಿರ ಹೊಳೆ ದಂಡೇಲಿದೀವಿ. ನೀರು ಕೆಂಪಗಿದೆ. ಇವರು ಏನೂ ಆಗಲ್ಲ ಅಂತಿದಾರೆ. ಮಕ್ಕಳು ಹರಿಗೋಲು ಹತ್ತಿ ಕೂತುಬಿಟ್ಟಿದಾರೆ.”

ಟೂರಕ್ಕ ಚಹಾದ ಲೋಟ ಕೆಳಗಿಟ್ಟರು. “ಹಗ್ಗ ಬಿಚ್ಯಾರೇನು?”

“ಇನ್ನೂ ಇಲ್ಲ.”

“ನೀರಾಗ ಕಸಾ-ಕಡ್ಡಿ ತೇಲಿ ಬರಾಕತ್ತೈತೇನು?”

“ಹೌದು... ಒಂದು ಇಡೀ ಕೊಂಬೆ...”

“ಇಳಸ್ರಿ! ಮಕ್ಕಳನ್ನ ಇಳಸ್ರಿ!”

ಹಿಂದಿನಿಂದ ಗಂಡು ದನಿಯೊಂದು ಸಿಡುಕಿತು: “ಯಾರ್ರೀ ಅದು ಫೋನಲ್ಲಿ? ಬೇರೆ ಟೂರಿನವರಾ? ಹೊಟ್ಟೆಕಿಚ್ಚಿಗೆ ಹಾಗೇ ಹೇಳ್ತಾರೆ ಮೇಡಂ. ಬಿಡಪ್ಪ ಹರಿಗೋಲು!”

“ಒಂದು ನಿಮಿಷ ತಾಳಿ,” ಎಂದು ಶಿಕ್ಷಕಿ ಅವನನ್ನು ತಡೆದರು. ಹಿಂದೆ ಮಕ್ಕಳ ನಗು ಕೇಳಿಸುತ್ತಿತ್ತು. ಇಷ್ಟು ದೂರದಲ್ಲಿ ಕುಳಿತು, ಕೈಗೆ ಎಟುಕದ ಮಕ್ಕಳ ನಗುವನ್ನು ಕೇಳುವುದಕ್ಕಿಂತ ಭಯಾನಕವಾದದ್ದನ್ನು ನಾನು ಈವರೆಗೆ ಅನುಭವಿಸಿಲ್ಲ.

ಟೂರಕ್ಕ ಮೊಬೈಲನ್ನು ಎರಡೂ ಕೈಯಲ್ಲಿ ಬಾಯಿಯ ಹತ್ತಿರ ಹಿಡಿದರು. “ಮೇಡಮ್ಮಾರ, ನೀವು ನನ್ನ ಮಖಾ ನೋಡೀರಿ ಹೌದಿಲ್ಲೋ? ಎದುರಿಗೆ ನಿಂತು ಬ್ಯಾಡ ಅಂದು, ನಿಮ್ಮಂಥ ಗಿರಾಕಿನ್ನ ಕಳಕೊಂಡಾಕಿ ನಾನು. ಆವತ್ತು ಸುಳ್ಳು ಹೇಳದಾಕಿ ಈಗ ಯಾಕ ಹೇಳ್ಲಿ?”

ಮೊರೆತ. ಯಾರೋ ಕೂಗಿದರು. “ಇಳೀರಿ, ಎಲ್ಲರೂ ಇಳೀರಿ!” ಎಂದು ಶಿಕ್ಷಕಿ ಕಿರುಚಿದರು. ಕರೆ ಕಡಿದುಹೋಯಿತು. ಮತ್ತೆ ಸಿಗಲಿಲ್ಲ.

ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಚಾಚಾ ವ್ಯಾನನ್ನು ಸಿರುಗುಪ್ಪದತ್ತ ಓಡಿಸಿದ. ಸಿರಿಗೇರಿಯ ಕಡೆಯ ಕವಲು ದಾಟುವಾಗ ಟೂರಕ್ಕ, “ಜಲ್ದಿ ಹೋಗು,” ಎಂದರು. ಅವರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೊಂದೇ ಸಲ.

ದಂಡೆಯ ಮೇಲೆ ಮಕ್ಕಳು ಕೆಸರಿನಲ್ಲಿ ಸಾಲಾಗಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. ಶಿಕ್ಷಕಿ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿ, ಮುಗಿದೊಡನೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಮಕ್ಕಳು ಇಳಿದ ಸ್ವಲ್ಪ ಹೊತ್ತಿಗೇ ನೀರು ಏರಿ, ಕಟ್ಟಿದ ಹಗ್ಗ ಹರಿದು, ಖಾಲಿ ಹರಿಗೋಲು ಕೊಚ್ಚಿಹೋಗಿತ್ತು. ಅಂಬಿಗ ತುಂಡು ಹಗ್ಗ ಹಿಡಿದು ನೀರನ್ನೇ ನೋಡುತ್ತ ನಿಂತಿದ್ದ.

ಸಂಸ್ಥೆಯ ಮೇಲ್ವಿಚಾರಕ ನಮ್ಮ ಬಳಿ ಬಂದ. “ಏನೂ ಆಗಿಲ್ವಲ್ಲ ಮೇಡಂ. ಯಾಕಿಷ್ಟು ಗಾಬರಿ?”

ಟೂರಕ್ಕ ಕೆಸರಿನಲ್ಲೇ ಕುಸಿದು ಕುಳಿತಿದ್ದರು. “ಆಗಿದ್ರ ಯಾರನ್ನ ಕೇಳ್ಬೇಕಿತ್ತೋ? ಮಾರಿದಾವ ಬೆಂಗಳೂರಾಗ, ಜಾಹೀರಾತು ಬರದಾವ ಇನ್ನೆಲ್ಲೋ. ನೀನು ನಾಳೆ ಇನ್ನೊಂದು ಕಂಪನಿ. ಹೇಳೋರು ಕೇಳೋರು ಇಲ್ದಂಗ ಮಾಡೀರಲ್ಲೋ ನನ್ನ ಹೊಳೀನ!”

ನಾನು ದೂರು ಬರೆದೆ. ಒಂದು ಕಚೇರಿ ಇನ್ನೊಂದಕ್ಕೆ ಕಳುಹಿಸಿತು. ಕೊನೆಗೆ ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಕೇಳಿದರು: “ಯಾರಿಗೂ ಏನೂ ಆಗಿಲ್ಲವಲ್ಲ, ಕ್ರಮ ಯಾವುದರ ಮೇಲೆ?” ಈ ಪ್ರಶ್ನೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಹೆಣ ತೇಲುವವರೆಗೆ ಹೊಣೆ ಹುಟ್ಟುವುದಿಲ್ಲ ಎನ್ನುವ ಆಡಳಿತ ಯಾರ ರಕ್ಷಣೆಗಿದೆ? ನಮ್ಮ ಹೊಳೆಯನ್ನು, ನಮ್ಮ ಕಲ್ಲುಗುಡ್ಡಗಳನ್ನು ನೋಡದವರು ಮಾರುತ್ತಿರುವಾಗ, ಅವುಗಳ ಮಗ್ಗುಲಲ್ಲೇ ಬದುಕುವ ಸಣ್ಣ ಉದ್ಯಮಿಗಳು ಮೇಳಗಳಿಗೆ ಹೋಗಲೇಬೇಕು. ವ್ಯಾಪಾರ ಬೆಳೆಯುತ್ತದೆ, ನಿಜ. ಅದಕ್ಕೂ ಮಿಗಿಲಾಗಿ, ಕೊಳ್ಳುವವನು ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನೆ ಕೇಳಬಹುದಾದ ಒಂದು ಮುಖ ಅಲ್ಲಿರಬೇಕು. ಜಾಹೀರಾತಿಗೆ ಮುಖವಿಲ್ಲ. ಆ ಮಧ್ಯಾಹ್ನ ಶಿಕ್ಷಕಿ ನಂಬಿದ್ದು ಒಂದು ಮುಖವನ್ನು.

ಟೂರಕ್ಕ ಕಳೆದ ಚಳಿಗಾಲದಲ್ಲಿ ಜ್ವರವೆಂದು ಮಲಗಿದವರು ಏಳಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, “ಮೇಳಕ್ಕ ನೀನು ಹೋಗ್ತೀ ಅಲ್ಲ? ಅಂಜಿಕಿ ಆಗತೈತಿ. ಆಗ್ಲಿ, ಹೋಗು,” ಎಂದಿದ್ದರು.

ಈ ವರ್ಷ ನಾನೇ ಮಳಿಗೆಯಲ್ಲಿ ನಿಂತೆ. ಎದುರು ಸಾಲಿನಲ್ಲಿ ಅದೇ ಸಂಸ್ಥೆ, ಅದೇ ಚಿತ್ರ, ಅದೇ ರೋಮಾಂಚನ. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ಒಬ್ಬ ತಂದೆ ಮಳೆಗಾಲದ ಹೊಳೆಯ ಬಗ್ಗೆ ಕೇಳಿದರು. ಬೇಡ ಎಂದೆ. ಕಾರಣ ಹೇಳಿದೆ. ತಲೆಯಾಡಿಸಿ ಎದುರಿಗೆ ಹೋದರು. ಅಲ್ಲಿ ಅವರ ಕೈಗೆ ಪೆನ್ನು ಕೊಟ್ಟದ್ದು ನನಗೆ ಕಂಡಿತು.

ನನಗೂ ಅಂಜಿಕೆಯಾಯಿತು. ಆಗಲಿ ಎಂದು ಮಳಿಗೆ ಬಿಟ್ಟು ದಾಟಿ ಹೋದೆ, ಆ ತಂದೆಯ ಪಕ್ಕದಲ್ಲಿ ನಿಂತು ಮೇಜಿನ ಆಚೆಗಿದ್ದ ಯುವಕನನ್ನು ಕೇಳಿದೆ: “ನೀರು ಏರಿದಾಗ ದಂಡೆಯ ಮೇಲೆ ನಿಮ್ಮವರು ಯಾರು ಇರ್ತಾರೆ?”

ಯುವಕ ನಕ್ಕ. “ಅದೆಲ್ಲ ಲೋಕಲ್ ಟೀಮ್ ನೋಡ್ಕೊಳ್ತಾರೆ ಮೇಡಂ. ಸಾರ್, ನೀವು ಇಲ್ಲಿ ಸಹಿ ಮಾಡಿ.”

ತಂದೆ ಸಹಿ ಮಾಡಲಿಲ್ಲ. ಚಿಕ್ಕವಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು.

“ದಂಡೆ ಮೇಲಿರೋರ ಹೆಸರು ಹೇಳಿ,” ಎಂದು ಯುವಕನನ್ನು ಕೇಳಿದರು.