ಟಾಮಿಗೆ ಕೊಟ್ಟ ದನಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನಂಬಬೇಡಿ ಎಂದು ಕಲಿಸುವುದೇ ಇಷ್ಟು ವರ್ಷ ನನ್ನ ಕೆಲಸವಾಗಿತ್ತು. ಮಾಟ, ವಾಸ್ತು, ದೃಷ್ಟಿಗೊಂಬೆ... ಎಲ್ಲದರ ವಿರುದ್ಧ ಮೈಕ್ ಹಿಡಿದು ಮಾತನಾಡಿದವಳು ನಾನು. ಆದರೆ ಗವಿಪುರಂನ ನಮ್ಮ ಬೀದಿಯಲ್ಲಿ ಕಿವಿಯಾರೆ ಕೇಳಿದ್ದನ್ನು ಕೇಳಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ನಮ್ಮ ಹಿತ್ತಿಲಿಗೂ ಕಂಟ್ರಾಕ್ಟರ್ ಶ್ರೀಧರ್ ಅವರ ಹಿತ್ತಿಲಿಗೂ ನಡುವೆ ಒಂದೇ ಕಾಂಪೌಂಡ್ ಗೋಡೆ. ಅವರು ಎಲ್ಲಿಂದಲೋ ಒಂದು ಮರಿ ತರಿಸಿದರು. ಅಪ್ಪ ತೋಳ, ತಾಯಿ ನಾಯಿ. ಬೂದಿಬಣ್ಣದ ಮೈ, ಹಳದಿ ಕಣ್ಣು. ಮೈಲಿಗಟ್ಟಲೆ ಓಡಲು ಹುಟ್ಟಿದ ಪ್ರಾಣಿಯನ್ನು ಒಂದು ಸ್ಕೂಟರ್ ನಿಲ್ಲುವಷ್ಟು ಜಾಗದ ಕಬ್ಬಿಣದ ಗೂಡಿಗೆ ಹಾಕಿದ್ದು ಅವರ ಮೊದಲ ಅಪರಾಧ. ಅದಕ್ಕೆ ಟಾಮಿ ಎಂದು ಹೆಸರಿಟ್ಟಿದ್ದು ಎರಡನೆಯದು.

"ಅಂಕಲ್, ಇದು ಮನೇಲಿ ಸಾಕೋ ಪ್ರಾಣಿ ಅಲ್ಲ. ಜಾಗ ಇರೋ ಆಶ್ರಯಧಾಮಕ್ಕೆ ಕೊಟ್ಬಿಡಿ. ನಾನೇ ಎಲ್ಲಾ ಮಾತಾಡ್ತೀನಿ," ಎಂದೆ.

"ಏನಮ್ಮಾ ಲೀಡರ್, ನಮ್ಮ ಗೇಟ್ ಮುಂದೂ ಧರಣಿ ಕೂತ್ಕೋತೀಯಾ? ಕೂತ್ಕೋ, ಕಾಫಿ ಕಳಿಸ್ತೀನಿ," ಎಂದು ಅವರು ನಕ್ಕರು. "ಲ್ಯಾಬ್ರಡಾರ್ ಎಲ್ಲರ ಮನೇಲೂ ಇದೆ. ತೋಳ ಇರೋದು ನನ್ನ ಹತ್ರ ಮಾತ್ರ."

ಟಾಮಿ ಬೊಗಳುತ್ತಿರಲಿಲ್ಲ. ಸಂಜೆ ದೇವಸ್ಥಾನದ ಗಂಟೆ ನಿಂತ ಮೇಲೆ ಕತ್ತೆತ್ತಿ ಊಳಿಡುತ್ತಿತ್ತು. ಉದ್ದನೆಯ ಊಳು... ಕೊನೆಯಲ್ಲಿ ಪ್ರಶ್ನೆಯಂತೆ ಮೇಲೇರಿ ನಿಲ್ಲುತ್ತಿತ್ತು. ಆಮೇಲೆ ಕಿವಿ ನಿಮಿರಿಸಿ ಉತ್ತರಕ್ಕೆ ಕಾಯುತ್ತಿತ್ತು. ಬೆಂಗಳೂರಿನಲ್ಲಿ ಅದಕ್ಕೆ ಉತ್ತರ ಕೊಡುವವರು ಯಾರಿದ್ದರು?

ಬೀದಿಯವರಿಗೆ ಅದು ಅಪಶಕುನವಾಯಿತು. ಎಲ್ಲರಿಗಿಂತ ಮುಂಚೆ ಗೋಡೆಯಾಚೆ ಇಣುಕಿ ದೂರಿದವಳು ನನ್ನ ಅಮ್ಮ. "ಹೇಗಾದ್ರೂ ಮಾಡಿ ಅದರ ಬಾಯಿ ಮುಚ್ಚಿಸ್ರಪ್ಪಾ ಶ್ರೀಧರ್, ಎದೆ ನಡುಗುತ್ತೆ."

ಅಮ್ಮನಿಗೆ ಇಂಥ ಭಯಗಳು ಬಹಳ. ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರು ಕೂಗಿದರೂ ಮೂರನೆಯ ಕೂಗಿನವರೆಗೆ ಓಗೊಡುತ್ತಿರಲಿಲ್ಲ. ದೆವ್ವಕ್ಕೆ ಮೂರು ಸಲ ಕೂಗಲು ಬರುವುದಿಲ್ಲವಂತೆ. ಮಳೆಯಲ್ಲಿ ನೆನೆಯುತ್ತಾ ನಮ್ಮದೇ ಬಾಗಿಲಲ್ಲಿ ಮೂರು ಸಲ ಕೂಗಿ ಕೂಗಿ ನನಗೆ ರೋಸಿಹೋಗಿತ್ತು. ವಾದ ಮಾಡಿ, ಅಣಕಿಸಿ, ಕೊನೆಗೆ ಆ ಮೌಢ್ಯವನ್ನು ಬಿಡಿಸಿದೆ.

"ಆಯ್ತು ಕಣೇ, ನಿನ್ನ ಕಾಟ ತಾಳಲಾರೆ. ಇನ್ಮೇಲೆ ಒಂದೇ ಕೂಗಿಗೆ ಓ ಅಂತೀನಿ," ಎಂದು ಅಮ್ಮ ನಕ್ಕಿದ್ದಳು. ನನ್ನ ಪಾಲಿಗೆ ಅದೊಂದು ಗೆಲುವು.

ಶ್ರೀಧರ್ ನಿಜವಾಗಿಯೂ ಟಾಮಿಯ ಬಾಯಿ ಮುಚ್ಚಿಸಿದರು. ಯಾವುದೋ ಖಾಸಗಿ ಕ್ಲಿನಿಕ್ಕಿನ ಪಶುವೈದ್ಯರೊಬ್ಬರು ಅದರ ಗಂಟಲಿನ ಧ್ವನಿತಂತುಗಳನ್ನು ಕತ್ತರಿಸಿದರು. ಇದಕ್ಕೆ ಆಪರೇಷನ್ ಎಂದು ಹೆಸರು. ನಾನು ಕಳ್ಳತನ ಎನ್ನುತ್ತೇನೆ.

ಆ ಸಂಜೆಯೂ ಗಂಟೆ ನಿಂತ ಮೇಲೆ ಟಾಮಿ ಕತ್ತೆತ್ತಿತು. ಬಾಯಿ ತೆರೆಯಿತು. ಬಂದದ್ದು ಬರೀ ಉಸಿರು... ಸೈಕಲ್ ಟ್ಯೂಬಿನಿಂದ ಗಾಳಿ ಹೋದಂತೆ. ಅದು ಗಾಬರಿಯಿಂದ ಸುತ್ತ ನೋಡಿತು. ಇನ್ನೊಮ್ಮೆ ಪ್ರಯತ್ನಿಸಿತು.

ನನಗೆ ತಡೆಯಲಾಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಬಾಗಿದೆ. ಫಿನೈಲ್ ವಾಸನೆ, ಅದರೊಳಗೆ ರಕ್ತದ ಸಿಹಿವಾಸನೆ.

"ನಿನ್ನ ದನಿ ನಾನಾಗ್ತೀನಿ. ನನ್ನ ದನಿ ತಗೋ," ಎಂದೆ.

ವೇದಿಕೆಗಳಲ್ಲಿ ಎಷ್ಟೋ ಸಲ ಆಡಿದ ಮಾತು ಅದು. ಜನ ಚಪ್ಪಾಳೆ ತಟ್ಟುತ್ತಿದ್ದರು. ಟಾಮಿ ಮಾತ್ರ ಸರಳುಗಳಿಗೆ ಮೂತಿ ಒತ್ತಿ ನನ್ನ ಗಂಟಲನ್ನೇ ನೋಡುತ್ತಾ ನಿಂತಿತು.

ನಾನು ಅಪರಾಧಿಗಳ ಹೆಸರು ಹೇಳಿದೆ. ಒಬ್ಬರನ್ನೂ ಬಿಡುವುದಿಲ್ಲ ಎಂದೆ. ಶ್ರೀಧರ್. ಆ ಡಾಕ್ಟರ್. ನ್ಯಾಯ ಕೇಳುವವರು ಸ್ವಂತ ಮನೆಗೆ ವಿನಾಯಿತಿ ಕೊಡಬಾರದೆಂಬುದು ನಾನು ಕಲಿತ ಪಾಠ. ಹಾಗಾಗಿ ಕೊನೆಯಲ್ಲಿ ಹೇಳಿದೆ: "ಬಾಯಿ ಮುಚ್ಚಿಸಿ ಅಂತ ಮೊದಲು ಹೇಳಿದ್ದು ನಮ್ಮಮ್ಮ."

ಆ ಮಾತಿಗೆ ಅದರ ಕಿವಿಗಳು ನಿಮಿರಿದವು.

ಮುಂದಿನ ವಾರ ಟಾಮಿ ಅನ್ನ ಬಿಟ್ಟಿತೆಂದು ತಿಳಿದು, ಸಂಜೆ ಶ್ರೀಧರ್ ಅವರ ಮನೆಗೆ ಹೋದೆ.

"ಅಂಕಲ್, ಸತ್ತುಹೋಗುತ್ತೆ ಅದು. ಈಗಲಾದ್ರೂ ಕೊಟ್ಬಿಡಿ."

"ಸತ್ರೆ ಇನ್ನೊಂದು ತರ್ತೀನಮ್ಮಾ. ನೀನ್ಯಾಕೆ ಅಳ್ತೀಯಾ?"

ಅಷ್ಟರಲ್ಲಿ ಬೀದಿಯ ಕರೆಂಟ್ ಹೋಯಿತು.

ಹಜಾರದಲ್ಲಿ ನಾವಿಬ್ಬರೇ. ಅವರ ಉಸಿರು ನನಗೆ ಕೇಳಿಸುತ್ತಿತ್ತು. ಆಗ ಹಿತ್ತಿಲಿನಿಂದ ಯಾರೋ ಕೂಗಿದರು.

"ಶ್ರೀಧರ್ ಅಂಕಲ್..."

ಅದು ನನ್ನ ದನಿ.

ಧ್ವನಿಮುದ್ರಣಗಳಲ್ಲಿ ನೂರಾರು ಸಲ ಕೇಳಿದ ನನ್ನದೇ ದನಿ. ಆದರೆ ಕೊನೆಯ ಅಕ್ಷರ ಉದ್ದವಾಗಿ ಎಳೆದು, ಪ್ರಶ್ನೆಯಂತೆ ಮೇಲೇರಿ ನಿಂತಿತು. ನಾನು ಎರಡೂ ಕೈಗಳಿಂದ ನನ್ನ ಬಾಯಿ ಮುಚ್ಚಿಕೊಂಡಿದ್ದೆ.

"ಓ! ಅಷ್ಟರಲ್ಲಿ ಹಿತ್ತಿಲಿಗೆ ಹೋದ್ಯಾ? ಕಳ್ಳಿ, ಬೀಗ ಮುರೀತಿದೀಯಾ?" ಎನ್ನುತ್ತಾ ಶ್ರೀಧರ್ ಕತ್ತಲಲ್ಲಿ ನನ್ನ ಪಕ್ಕದಲ್ಲೇ ಹಾದುಹೋದರು. ನಾನು ಇಲ್ಲೇ ಇದ್ದೇನೆ ಎಂದು ಹೇಳಬಹುದಿತ್ತು... ಹೇಳಲಿಲ್ಲ. ಹೋಗಲಿ ಎಂದೇ ಅನ್ನಿಸಿತು.

ಹಿತ್ತಿಲ ಬಾಗಿಲು ಕಿರುಗುಟ್ಟಿತು. ಆಮೇಲೆ ಏನೂ ಇಲ್ಲ. ಗಾಳಿ ಹೋದ ಟ್ಯೂಬಿನಂಥ ಒಂದು ಸದ್ದು ಮಾತ್ರ... ಬಹಳ ಹೊತ್ತು.

ಕರೆಂಟ್ ಬಂದಾಗ ಅವರು ಗೂಡಿನ ಮುಂದೆ ಮಂಡಿಯೂರಿ, ಕತ್ತೆತ್ತಿ, ಬಾಯಿ ತೆರೆದು ಕೂತಿದ್ದರು. ಆ ಸದ್ದು ಬರುತ್ತಿದ್ದದ್ದು ಅವರ ಬಾಯಿಂದ. ಮೈಮೇಲೆ ಒಂದು ಗೀರೂ ಇಲ್ಲ. ಬೀಗ ಹಾಗೇ ಇತ್ತು. ಒಳಗೆ ಟಾಮಿ ಸತ್ತು ಸೆಟೆದುಕೊಂಡಿತ್ತು. ಅದರ ಕಣ್ಣಿನ ಸುತ್ತ ಆಗಲೇ ಇರುವೆ ಸಾಲು. ಸತ್ತು ಎಷ್ಟೋ ಹೊತ್ತಾಗಿತ್ತು.

ಶ್ರೀಧರ್ ಅವರಿಗೆ ಮಾತು ಮರಳಿಲ್ಲ. ಯಾವ ವೈದ್ಯರಿಗೂ ಕಾರಣ ಸಿಕ್ಕಿಲ್ಲ. ನನಗೆ ಮರುಕ ಬರಲಿಲ್ಲ. ಅವರು ಕೈಸನ್ನೆ ಮಾಡಿ ತರಕಾರಿ ಕೊಳ್ಳುವುದನ್ನು ಕಂಡಾಗಲೆಲ್ಲ, ಲೆಕ್ಕ ಸರಿಹೋಯಿತು ಎಂದುಕೊಳ್ಳುತ್ತಿದ್ದೆ.

ಕೆಲವು ದಿನಗಳ ನಂತರ ಒಂದು ಫೋನ್ ಬಂತು. ಆ ಪಶುವೈದ್ಯರ ಹೆಂಡತಿ.

"ಮೇಡಂ, ನಿನ್ನೆ ಸಂಜೆ ನಮ್ಮ ಗೇಟಲ್ಲಿ 'ಡಾಕ್ಟ್ರೇ' ಅಂತ ಕೂಗಿದ್ದು ನೀವಲ್ವಾ? ನಿಮ್ಮ ಭಾಷಣ ಕೇಳಿದೀನಿ, ದನಿ ಗೊತ್ತಾಯ್ತು. ಇವರು ಓ ಅಂತ ಹೊರಗೆ ಹೋದ್ರು, ಅಲ್ಲಿ ಯಾರೂ ಇರ್ಲಿಲ್ಲ. ಆಗಿಂದ ಇವರಿಗೆ ಮಾತೇ ಹೊರಡ್ತಿಲ್ಲ... ಏನ್ ಮಾಡಿದ್ರಿ ಮೇಡಂ?"

ಆ ಸಂಜೆ ನಾನು ಮನೆಯಿಂದ ಹೊರಬಿದ್ದಿರಲಿಲ್ಲ. ಫೋನ್ ಇಟ್ಟ ಮೇಲೆ, ನಾನು ಹೇಳಿದ ಹೆಸರುಗಳಲ್ಲಿ ಯಾರು ಉಳಿದಿದ್ದಾರೆಂಬುದು ನೆನಪಾಯಿತು.

"ಅಮ್ಮಾ, ಸಂಜೆ ಹೊತ್ತು ಯಾರು ಕೂಗಿದ್ರೂ ಮೂರು ಸಲ ಆಗೋವರೆಗೂ ಓಗೊಡಬೇಡ," ಎಂದೆ.

ಅಮ್ಮ ಹುಣಸೆಹಣ್ಣು ಕಿವುಚುತ್ತಿದ್ದಳು. "ಅಯ್ಯೋ, ಈಗ ಯಾರಿಗೆ ಬಂತೇ ಮೌಢ್ಯ? ಬಿಟ್ಟಿರೋ ಅಭ್ಯಾಸ ಮತ್ತೆ ಬರುತ್ತಾ?"

ಅವತ್ತಿನಿಂದ ನಾನು ಅಮ್ಮನನ್ನು ಕೂಗಿ ಕರೆಯುವುದನ್ನೇ ಬಿಟ್ಟೆ. ಏನಿದ್ದರೂ ಹತ್ತಿರ ಹೋಗಿ, ಭುಜ ಮುಟ್ಟಿ ಹೇಳುತ್ತೇನೆ. ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಬೀಗದಕೈ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ನಿನ್ನೆ ಸಂಜೆ ನಾನು ಮುಂದಿನ ಕೋಣೆಯಲ್ಲಿ ಓದುತ್ತಾ ಕೂತಿದ್ದೆ. ದೇವಸ್ಥಾನದ ಗಂಟೆ ನಿಂತಿತು. ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ, ಮೆತ್ತಗೆ...

"ಅಮ್ಮಾ..."

ಎದ್ದು ಓಡಿದೆ. ನನಗಿಂತ ಮುಂಚೆ ಅಡುಗೆಮನೆಯಿಂದ ಅಮ್ಮನ ದನಿ ಬಂದಿತ್ತು.

"ಓ, ಬಂದೆ ಕಣೇ!"

ಚಿಲಕದ ಮೇಲಿದ್ದ ಅವಳ ಕೈ ಹಿಡಿದು ಎಳೆದುಕೊಂಡೆ. ಬಾಗಿಲು ತೆರೆಯಲಿಲ್ಲ. ಆದರೆ ಓಗೊಟ್ಟಾಗಿತ್ತು.

ಇವತ್ತು ಬೆಳಗ್ಗೆಯಿಂದ ಅಮ್ಮನ ಗಂಟಲು ಕಟ್ಟಿದೆ. ಮೆಣಸಿನ ಕಷಾಯ ಕಾಯಿಸಿ ಕೊಟ್ಟಿದ್ದೇನೆ. "ಏನಿಲ್ಲ ಕಣೇ, ನೆಗಡಿ," ಎನ್ನುತ್ತಿದ್ದಾಳೆ, ಪಿಸುದನಿಯಲ್ಲಿ. ಮಧ್ಯಾಹ್ನ ಕೇಳಿಸಿದಷ್ಟು ಈಗ ಕೇಳಿಸುತ್ತಿಲ್ಲ.